ಮೆನುವಿನಲ್ಲಿದ್ದ ಆ ಒಂದು ಹೆಸರು

ನಾವು ಕಳಿಸಿದ್ದು ಹನ್ನೊಂದು ಸ್ಕ್ರೀನ್‌ಶಾಟ್. ಕಂಪ್ಯೂಟರ್ ಕೊಡಲು ಒಪ್ಪಿದ್ದ ಕಂಪನಿಯವರು ಕೆಂಪು ಗೆರೆ ಸುತ್ತಿ ವಾಪಸ್ ಕಳಿಸಿದ್ದು ಒಂದನ್ನು ಮಾತ್ರ. ಆಟಗಳ ಮೆನು ಬಿಚ್ಚಿಕೊಂಡಿದ್ದ ಚಿತ್ರ ಅದು. ಮೇಲಿನಿಂದ ಮೂರನೆಯ ಸಾಲಿನಲ್ಲಿ, ನಾನೇ ಕೈಯಾರೆ ಟೈಪ್ ಮಾಡಿದ್ದ ಕನ್ನಡ ಅಕ್ಷರಗಳಲ್ಲಿ, ‘ಟೆಟ್ರಿಸ್’ ಅಂತ ಇತ್ತು. ಕೆಳಗೆ ಪುಟ್ಟ ಟಿಪ್ಪಣಿ: ಈ ಹೆಸರು ಬಳಸಲು ಯಾರ ಅನುಮತಿ ಪಡೆದಿದ್ದೀರಿ? ಡಿಸ್ಕಿನಲ್ಲಿರುವ ಯಾವ ಹೆಸರೂ ಬೇರೆಯವರ ಟ್ರೇಡ್‌ಮಾರ್ಕ್‌ಗೆ ಧಕ್ಕೆ ತರುವುದಿಲ್ಲ ಎಂದು ಬರೆದು ಸಹಿ ಮಾಡಿ ಕೊಟ್ಟ ಮೇಲೆ ಕಂಪ್ಯೂಟರ್‌ಗಳನ್ನು ಕಳಿಸಿಕೊಡುತ್ತೇವೆ.

ನಾವು ಮೂವರು ಗೆಳೆಯರು. ವಾರವಿಡೀ ಬೆಂಗಳೂರಿನಲ್ಲಿ ನೌಕರಿ, ಶನಿವಾರ ಭಾನುವಾರ ಈ ಕೆಲಸ. ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಒಂದು ಕಂಪನಿ ತನ್ನ ಹಳೆಯ 18 ಕಂಪ್ಯೂಟರ್‌ಗಳನ್ನು ಕೊಡಲು ಒಪ್ಪಿತ್ತು. ಅವುಗಳಿಗೆ ಹಾಕಲು, ಲಿನಕ್ಸ್ ಬಳಗದ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಆಧಾರದ ಮೇಲೆ ಒಂದು ಡಿಸ್ಕ್ ಸಿದ್ಧಮಾಡುವುದು ನಮ್ಮ ಪಾಲಿಗೆ ಬಂದಿತ್ತು. ಮೆನು ಕನ್ನಡದಲ್ಲಿರಬೇಕು, ಕನ್ನಡ ಟೈಪಿಂಗ್ ಮೊದಲೇ ಕೂತಿರಬೇಕು, ನಿಘಂಟು, ಚಿತ್ರ ಬಿಡಿಸುವ ತಂತ್ರಾಂಶ, ಒಂದಷ್ಟು ಆಟ. ಆಟ ಬೇಕೇ ಬೇಕು ಅಂತ ಹಟ ಹಿಡಿದವನು ನಾನು. ಮೌಸ್ ಹಿಡಿದು ಗೊತ್ತಿಲ್ಲದ ಮಕ್ಕಳಿಗೆ ಮೌಸ್ ಕಲಿಸುವುದಕ್ಕೆ ಆಟಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ ಎಂದು ನನ್ನ ನಂಬಿಕೆ.

ಟಿಪ್ಪಣಿ ಓದಿದ ಕೂಡಲೇ ಬಂದದ್ದು ಸಿಟ್ಟು. ನಾವು ಇದನ್ನು ಮಾರುತ್ತಿಲ್ಲ. ಒಂದು ಪೈಸೆ ಯಾರಿಂದಲೂ ಮುಟ್ಟಿಲ್ಲ. ಆ ತಂತ್ರಾಂಶ ಬರೆದವರೂ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಜಿಪಿಎಲ್ ಎಂಬ ಮುಕ್ತ ಪರವಾನಗಿ ಇದೆ, ಯಾರು ಬೇಕಾದರೂ ಹಂಚಬಹುದು. ಇಷ್ಟೆಲ್ಲ ಬರೆದು ಒಂದು ಉದ್ದನೆಯ ಉತ್ತರ ತಯಾರು ಮಾಡಿದೆ. ಕಳಿಸುವ ಮುಂಚೆ ಜೊತೆಗೆ ಲಗತ್ತಿಸೋಣ ಎಂದು ಮೂಲ ತಂತ್ರಾಂಶದ ಫೈಲುಗಳನ್ನು ತೆರೆದು ನೋಡಿದೆ. ಅಲ್ಲೇ ಸಿಕ್ಕಿಬಿದ್ದೆ.

ಆ ಆಟದ ಹೆಸರು ಟೆಟ್ರಿಸ್ ಅಲ್ಲವೇ ಅಲ್ಲ. ಅದು ಗ್ನೋಮ್ ಎಂಬ ಮುಕ್ತ ತಂತ್ರಾಂಶ ಬಳಗದ ‘ಕ್ವಾಡ್ರಾಪಾಸೆಲ್’. ಮೊದಲು ಅದನ್ನು ‘ಗ್ನೋಮೆಟ್ರಿಸ್’ ಎನ್ನುತ್ತಿದ್ದರು. 2009ರಲ್ಲಿ ಆ ಹೆಸರು ಬಿಟ್ಟು ಈ ಹೆಸರಿಗೆ ಬಂದರು. ಹಳೆಯದರಲ್ಲಿ ‘ಟ್ರಿಸ್’ ಎಂಬ ಬಾಲವಿತ್ತು, ಹೊಸದರಲ್ಲಿ ಅದರ ಸುಳಿವೂ ಇಲ್ಲ. ವಿವರಣೆಯಲ್ಲೂ ಬೀಳುವ ತುಂಡುಗಳನ್ನು ಹೊಂದಿಸಿ ಎಂಬರ್ಥದ ಮಾತಷ್ಟೇ. ಮೆನುವಿನಲ್ಲಿ ಏನು ಕಾಣಬೇಕು ಎಂದು ಹೇಳುವ ಒಂದು ಚಿಕ್ಕ ಫೈಲ್ ಪ್ರತಿ ತಂತ್ರಾಂಶಕ್ಕೂ ಇರುತ್ತದೆ, ಅದಕ್ಕೆ ಡೆಸ್ಕ್‌ಟಾಪ್ ಫೈಲ್ ಎನ್ನುತ್ತೇವೆ. ಹೆಸರು, ವಿವರಣೆ, ಹುಡುಕುಪದಗಳು, ಒಂದೊಂದಕ್ಕೂ ಒಂದೊಂದು ಸಾಲು, ಭಾಷೆಗೊಂದು ಅನುವಾದದ ಸಾಲು. ನಮ್ಮ ಡಿಸ್ಕಿಗೆ ಅಂತ ನಾನು ಅದರ ಪ್ರತಿ ತೆಗೆದು ಕನ್ನಡದ ಸಾಲುಗಳನ್ನು ಹೊಸದಾಗಿ ಬರೆದಿದ್ದೆ. ‘ಕ್ವಾಡ್ರಾಪಾಸೆಲ್’ ಅಂದರೆ ನಮ್ಮ ಮಕ್ಕಳಿಗೆ ಏನು ಗೊತ್ತಾಗಬೇಕು ಎಂದುಕೊಂಡು, ಎಲ್ಲರಿಗೂ ಗೊತ್ತಿರುವ ಹೆಸರೇ ಇರಲಿ ಎಂದು ‘ಟೆಟ್ರಿಸ್’ ಎಂದು ಬರೆದಿದ್ದೆ. ಬರೆಯಲು ಹಿಡಿದಿದ್ದು ಹತ್ತು ಸೆಕೆಂಡು ಇರಬಹುದು.

ಇಂಗ್ಲಿಷಿನಲ್ಲಿ ಎಚ್ಚರದಿಂದ ಹೊರಗೆ ಹಾಕಿದ ಹೆಸರನ್ನು ಕನ್ನಡದ ಹಿತ್ತಿಲ ಬಾಗಿಲಿನಿಂದ ಒಳಗೆ ಕರೆತಂದವನು ನಾನು. ಬರೆದಿಟ್ಟ ಉತ್ತರವನ್ನು ಅಳಿಸಿಹಾಕಿದೆ.

ನಮ್ಮಲ್ಲೊಬ್ಬನ ಸೋದರತ್ತೆ ವಕೀಲೆ, ಟ್ರೇಡ್‌ಮಾರ್ಕ್ ಕೆಲಸವನ್ನೇ ಮುಖ್ಯವಾಗಿ ಮಾಡುವವರು. ಬಸವನಗುಡಿಯ ಅವರ ಮನೆಯ ಮುಂಗೋಣೆಯೇ ಆಫೀಸು. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆವು. ಅವರು ಕೆಂಪು ಗೆರೆಯ ಚಿತ್ರ ನೋಡಿ, ಕನ್ನಡಕ ತೆಗೆದಿಟ್ಟು ಕೇಳಿದರು: “ಇದನ್ನ ಬರೆದೋರು ಯಾರು?”

“ನಾನೇ, ಮೇಡಂ.”

“ಒಳ್ಳೇದಾಯ್ತು. ಬರೆದೋರೇ ಬಂದಿದ್ದೀರಿ, ಬೇರೆಯವರನ್ನ ಹುಡುಕೋ ಕೆಲ್ಸ ಇಲ್ಲ.”

ಪುಕ್ಕಟೆ ಕೊಡುತ್ತಿದ್ದೇವೆ, ಕನ್ನಡ ಲಿಪಿಯಲ್ಲಿದೆ, ತಂತ್ರಾಂಶಕ್ಕೆ ಪರವಾನಗಿ ಇದೆ. ನನ್ನ ಮೂರೂ ಸಮಾಧಾನಗಳನ್ನು ಅವರ ಮುಂದೆ ಇಟ್ಟೆ. ಅವರು ಮೂರನ್ನೂ ಬಿಡಿಸಿದ ರೀತಿ ನನಗೆ ಇವತ್ತಿಗೂ ನೆನಪಿದೆ.

“ನೋಡಪ್ಪ, ದೋಸೆ ಹುಯ್ಯೋದಕ್ಕೆ ಯಾರ ಪರ್ಮಿಷನ್ನೂ ಬೇಕಿಲ್ಲ. ಆದ್ರೆ ಗಾಂಧಿಬಜಾರಿನಲ್ಲಿ ಹೆಸರು ಮಾಡಿರೋ ಹೋಟ್ಲಿನ ಬೋರ್ಡನ್ನೇ ನಿನ್ನ ಅಂಗಡಿಗೂ ನೇತುಹಾಕಿಬಿಟ್ರೆ? ನೀನು ದೋಸೆ ಪುಕ್ಕಟೆ ಕೊಟ್ರೂ ಬಂದೋರು ಇದು ಅದೇ ಹೋಟ್ಲು ಅಂತ ತಾನೆ ತಿಳ್ಕೊಳ್ಳೋದು? ನಿನ್ನ ಹಿಟ್ಟು ಹಳಸಿದ್ರೆ ಹೆಸರು ಕೆಡೋದು ಅವರದು.”

ಕಾನೂನಿನ ಪುಸ್ತಕವನ್ನೂ ತೆಗೆದರು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 29ನೇ ಸೆಕ್ಷನ್ ‘ವ್ಯಾಪಾರದ ವ್ಯವಹಾರದಲ್ಲಿ’ ಬಳಸಿದರೆ ಎನ್ನುತ್ತದೆ, ಹಾಗಾಗಿ ಶಾಲೆಗೆ ಕೊಡುವುದು ವ್ಯಾಪಾರವಲ್ಲ ಎಂದು ವಾದಿಸಲು ಜಾಗ ಇದೆ. ಆದರೆ ಅದೊಂದೇ ಕಂಬ ನಂಬಿ ಚಪ್ಪರ ಹಾಕಬೇಡಿ ಎಂದರು. ನನಗೆ ಹೊಸದಾಗಿದ್ದು ಅದೇ ಸೆಕ್ಷನ್ನಿನ 9ನೇ ಉಪವಿಧಿ. ಗುರುತಿನ ಮುಖ್ಯ ಭಾಗ ಪದವಾಗಿದ್ದರೆ, ಬರಹದಲ್ಲಿ ಕಾಣಿಸಿದರಷ್ಟೇ ಅಲ್ಲ, ಬಾಯಲ್ಲಿ ಹೇಳುವುದರಿಂದಲೂ ಉಲ್ಲಂಘನೆ ಆಗಬಹುದು ಎಂದು ಅದು ಹೇಳುತ್ತದೆ. ಅಂದರೆ ಲಿಪಿ ಬದಲಾದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಕಿವಿಗೆ ಒಂದೇ ಥರ ಕೇಳಿಸಿದರೆ ‘ಟೆಟ್ರಿಸ್’ ಕನ್ನಡದಲ್ಲಿದ್ದರೂ ಅದೇ ಟೆಟ್ರಿಸ್. ಇನ್ನು ಜಿಪಿಎಲ್: ಅದು ಕೋಡಿನ ಮೇಲಿನ ಹಕ್ಕುಸ್ವಾಮ್ಯದ ಮಾತು. ಆ ಕೋಡ್ ಬರೆದವರಿಗೆ ಇಲ್ಲದ ಹೆಸರನ್ನು ಅವರು ನಮಗೆ ಹೇಗೆ ಕೊಟ್ಟಾರು?

ಹೆಸರಿನ ಯಜಮಾನರು ಯಾಕೆ ಇಷ್ಟು ಹಿಂದೆ ಬೀಳುತ್ತಾರೆ ಎಂದು ಕೇಳಿದೆ. ಅವರು ನಮ್ಮ ಅಡುಗೆಮನೆಯಿಂದಲೇ ಉತ್ತರ ತೆಗೆದರು. ಒಂದು ಕಾಲದಲ್ಲಿ ಅಂಗಡಿಗೆ ಹೋಗಿ ವನಸ್ಪತಿ ಕೊಡಿ ಅಂತ ಯಾರು ಕೇಳುತ್ತಿದ್ದರು? ಯಾವ ಕಂಪನಿಯದಾದರೂ ಡಾಲ್ಡಾ. ಈಗಲೂ ನಾವು ಝೆರಾಕ್ಸ್ ಮಾಡಿಸಿಕೊಂಡು ಬಾ ಎನ್ನುತ್ತೇವೆ. ಊರೆಲ್ಲ ಒಂದು ಹೆಸರನ್ನು ಆ ವಸ್ತುವಿನ ಜಾತಿಯ ಹೆಸರನ್ನಾಗಿ ಮಾಡಿಕೊಂಡರೆ ಯಜಮಾನನ ಕೈಯಿಂದ ಅದು ಜಾರಿಹೋಗುತ್ತದೆ. ಅಮೆರಿಕದಲ್ಲಿ ಆಟದ ಹೆಸರಿಗೇ ಇದು ಆಗಿತ್ತು. ರಾಲ್ಫ್ ಅನ್‌ಸ್ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ‘ಆಂಟಿ-ಮೊನಾಪಲಿ’ ಎಂಬ ಆಟ ತಂದಾಗ ಮೊನಾಪಲಿ ಕಂಪನಿ ತಕರಾರು ತೆಗೆದು, ವಿಷಯ ಕೋರ್ಟಿನ ಮೆಟ್ಟಿಲೇರಿತು. ಆ ಹೋರಾಟದಲ್ಲಿ ಆಚೆಗೆ ಬಂದ ಸಂಗತಿಯೇ ಬೇರೆ: ಆ ಆಟದ ಬೇರು ಲಿಝಿ ಮಾಗೀ ಎಂಬ ಹೆಂಗಸು 1904ರಲ್ಲಿ ಪೇಟೆಂಟ್ ಪಡೆದಿದ್ದ ಜಮೀನುದಾರನ ಆಟದಲ್ಲಿತ್ತು. 1982ರಲ್ಲಿ ಮೇಲ್ಮನವಿ ಕೋರ್ಟು ‘ಮೊನಾಪಲಿ’ ಎಂಬುದು ಆಟದ ಜಾತಿಯ ಹೆಸರಾಗಿಬಿಟ್ಟಿದೆ ಎಂದಿತು. ಎರಡೇ ವರ್ಷಕ್ಕೆ, 1984ರಲ್ಲಿ, ಅಲ್ಲಿನ ಸಂಸತ್ತು ಕಾಯ್ದೆಯನ್ನೇ ತಿದ್ದಿತು. ಹೆಸರಿಗೆ ಎಷ್ಟು ಬೆಲೆ ಇದೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಮೇಡಂ ಹೇಳಿದ ನಮ್ಮ ದೇಶದ ಮೊಕದ್ದಮೆ ನನಗೆ ಇನ್ನೂ ಹತ್ತಿರವಾಯಿತು. ಕೋಲ್ಕತ್ತದ ಅಗರ್‌ವಾಲಾ ಸಹೋದರರು ಫೇಸ್‌ಬುಕ್‌ನಲ್ಲಿ ‘ಸ್ಕ್ರಾಬುಲಸ್’ ಎಂಬ ಪದದಾಟ ನಡೆಸುತ್ತಿದ್ದರು. ಸ್ಕ್ರ್ಯಾಬಲ್ ಹೆಸರಿನ ಹಕ್ಕಿದ್ದ ಮ್ಯಾಟೆಲ್ ದೆಹಲಿ ಹೈಕೋರ್ಟಿಗೆ ಹೋಯಿತು. 2008ರ ಸೆಪ್ಟೆಂಬರಿನಲ್ಲಿ ಬಂದ ಆದೇಶ ಎರಡು ಮುಖದ್ದು. ಆಟದ ಮಣೆಯ ಮೇಲೆ ಹಕ್ಕುಸ್ವಾಮ್ಯ ಇದೆ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ಹೆಸರಿನ ವಿಷಯದಲ್ಲಿ ಮಾತ್ರ ಮ್ಯಾಟೆಲ್ ಪರ ನಿಂತು, ಆ ಹೆಸರನ್ನೂ ಅದನ್ನು ಹೋಲುವ ಹೆಸರನ್ನೂ ಬಳಸಬೇಡಿ ಎಂದಿತು. ಆ ಆಟ ಈಗಲೂ ಇದೆ, ‘ಲೆಕ್ಸುಲಸ್’ ಎಂಬ ಹೆಸರಿನಲ್ಲಿ. ಇದನ್ನು ಕೇಳಿದ ಮೇಲೆ ನನ್ನ ಮನಸ್ಸಿನ ಗಂಟು ಅರ್ಧ ಬಿಚ್ಚಿಕೊಂಡಿತು. ಆಟವನ್ನು ಯಾರೂ ನಮ್ಮ ಕೈಯಿಂದ ಕಿತ್ತುಕೊಳ್ಳುತ್ತಿಲ್ಲ. ಅವರು ಕೇಳುತ್ತಿರುವುದು ಅವರ ಹೆಸರನ್ನು.

ಅಲ್ಲಿಂದ ಬಂದವರೇ ಡಿಸ್ಕನ್ನು ಮೊದಲಿನಿಂದ ಜರಡಿ ಹಿಡಿಯಲು ಕೂತೆವು. ಒಂದು ಸ್ಪ್ರೆಡ್‌ಶೀಟ್ ತೆರೆದೆ: ಆಟದ ಮೂಲ ಹೆಸರು, ಮೆನುವಿನಲ್ಲಿ ಕಾಣುವ ಹೆಸರು, ಕನ್ನಡದ ಹೆಸರು, ವಿವರಣೆ, ಹುಡುಕುಪದ, ಐಕಾನ್. ಒಟ್ಟು 31 ಆಟಗಳಿದ್ದವು. ಆ ಪಟ್ಟಿ ತುಂಬುತ್ತ ಹೋದಂತೆ, ನಮಗಿಂತ ಮುಂಚೆ ಈ ದಾರಿಯಲ್ಲಿ ಎಷ್ಟೊಂದು ಜನ ನಡೆದಿದ್ದಾರೆ ಎಂಬುದು ಕಾಣತೊಡಗಿತು. ಅದನ್ನು ನೋಡಿ ನನಗೆ ನಿಜಕ್ಕೂ ಗೌರವ ಹುಟ್ಟಿತು.

ಕಪ್ಪುಬಿಳಿ ಬಿಲ್ಲೆಗಳನ್ನು ಮಗುಚಿ ಹಾಕುವ ಆಟವನ್ನು ತೆಗೆದುಕೊಳ್ಳಿ. ಅದಕ್ಕೆ ‘ಒಥೆಲೊ’ ಎಂಬ ಹೆಸರು ಬಂದು, ಪೆಟ್ಟಿಗೆಯಲ್ಲಿ ಮಾರಾಟವಾಗಲು ಶುರುವಾದದ್ದು ಜಪಾನಿನಲ್ಲಿ, 1973ರಲ್ಲಿ. ಆ ಹೆಸರು ಟ್ರೇಡ್‌ಮಾರ್ಕ್. ಅದರ ಅಣ್ಣನಂಥ ‘ರಿವರ್ಸಿ’ 19ನೇ ಶತಮಾನದ ಇಂಗ್ಲೆಂಡಿನದು, ಅದು ಯಾರ ಸೊತ್ತೂ ಅಲ್ಲ. ಗ್ನೋಮ್‌ನಂಥದೇ ಇನ್ನೊಂದು ಬಳಗವಾದ ಕೆಡಿಇಯವರು ‘ಕೆರಿವರ್ಸಿ’ ಎಂದು ಇಟ್ಟುಕೊಂಡರು. ಗ್ನೋಮ್‌ನವರು ಒಥೆಲೊ ನಾಟಕದ ಖಳನಾಯಕ ಇಯಾಗೊನ ಹೆಸರು ತಿರುಚಿ ‘ಇಯಾಗ್ನೊ’ ಎಂದಿಟ್ಟಿದ್ದರು. ಹಡಗು ಮುಳುಗಿಸುವ ಆಟ ಕೆಡಿಇಯಲ್ಲಿ ಮೊದಲು ‘ಕೆಬ್ಯಾಟಲ್‌ಶಿಪ್’. ಕಾಗದ ಪೆನ್ಸಿಲ್ಲಿನಲ್ಲಿ ಜನ ಬಹಳ ಹಿಂದಿನಿಂದ ಆಡುತ್ತಿದ್ದ ಆಟ ಅದು, ಆದರೆ ಪೆಟ್ಟಿಗೆಯ ಮೇಲಿನ ‘ಬ್ಯಾಟಲ್‌ಶಿಪ್’ ಒಂದು ಕಂಪನಿಯದು. ಈಗ ಕೆಡಿಇಯಲ್ಲಿ ಅದು ‘ನೇವಲ್ ಬ್ಯಾಟಲ್’. ನಾಲ್ಕು ಬಿಲ್ಲೆ ಸಾಲು ಕೂಡಿಸುವುದು ‘ಫೋರ್ ಇನ್ ಎ ರೋ’, ಏನು ಮಾಡಬೇಕೋ ಅದನ್ನೇ ಹೇಳುವ ಹೆಸರು.

ಹೆಸರನ್ನು ಹಿಂದುಮುಂದು ಮಾಡಿದವೂ ಇದ್ದವು. ಕೆಡಿಇಯ ಹಳೆಯ ‘ಕೆಸಿರ್ಟೆಟ್’ ಅನ್ನು ಇಂಗ್ಲಿಷಿನಲ್ಲಿ ಬರೆದು ಕೊನೆಯಿಂದ ಓದಿ ನೋಡಿ. ‘ಕೆಸಿರ್ಕ್’ ಎಂಬ ಯುದ್ಧದಾಟದಲ್ಲಿ ‘ರಿಸ್ಕ್’ ಎಂಬ ಮಣೆಯಾಟದ ಹೆಸರು ತಲೆಕೆಳಗಾಗಿ ಕೂತಿದೆ. ಇವು ಜಾಣತನದ ಹೆಸರುಗಳು, ಮೊದಲ ಸಲ ಗೊತ್ತಾದಾಗ ಖುಷಿಯೂ ಆಗುತ್ತದೆ. ಮೇಡಂಗೆ ಫೋನಿನಲ್ಲಿ ಹೇಳಿದೆ. “ಚೆನ್ನಾಗಿದೆ. ಆದ್ರೆ ನೀವು ಹಾಗೆ ಮಾಡ್ಬೇಡಿ. ತಿರುಗಿಸಿ ಬರೆದ್ರೆ ಮೂಲ ಹೆಸರು ನಿಮ್ಮ ತಲೇಲಿತ್ತು ಅನ್ನೋದಕ್ಕೆ ನೀವೇ ಸಾಕ್ಷಿ ಕೊಟ್ಟ ಹಾಗೆ” ಎಂದರು.

ತುಂಬ ಹೊತ್ತು ಕೂತಿದ್ದು ‘ಬಿಎಸ್‌ಡಿ ಗೇಮ್ಸ್’ ಎಂಬ ಕಟ್ಟಿನ ಮುಂದೆ. ಮೆನುವಿನಲ್ಲಿ ಇವು ಕಾಣುವುದಿಲ್ಲ, ಕಪ್ಪು ಟರ್ಮಿನಲ್‌ನಲ್ಲಿ ಹೆಸರು ಟೈಪ್ ಮಾಡಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಜೊತೆಗೆ ಬಂದ ಆಟಗಳು. ಬರೀ ಅಕ್ಷರಗಳಲ್ಲೇ ನಡೆಯುವ ಆಟಗಳು, ನಾನು ಕಾಲೇಜಿನಲ್ಲಿ ಇವುಗಳ ಸೋರ್ಸ್ ಓದಿಯೇ ಸಿ ಭಾಷೆ ಕಲಿತದ್ದು. ಫೋಲ್ಡರ್ ಪಟ್ಟಿ ತೆಗೆದರೆ ಒಂದರ ಕೆಳಗೊಂದು: ಟೆಟ್ರಿಸ್-ಬಿಎಸ್‌ಡಿ, ಬಾಗಲ್, ಟ್ರೆಕ್, ಜೊತೆಗೆ ಕೆನ್ ಆರ್ನಾಲ್ಡ್ ಬರೆದ ಮೊನಾಪ್ ಮತ್ತು ಮಿಲ್. ಮೊನಾಪ್ ಅಂದರೆ ಮೊನಾಪಲಿಯ ಅರ್ಧ ಎಂದು ಹೇಳಬೇಕಿಲ್ಲ. ಮಿಲ್ ಒಂದು ಫ್ರೆಂಚ್ ಕಾರ್ಡ್ ಆಟದ ಹೆಸರಿನ ಮೊದಲ ಪದ. ವಿಶ್ವವಿದ್ಯಾಲಯದ ಹುಡುಗರು ತಮ್ಮತಮ್ಮಲ್ಲಿ ಆಡಿಕೊಳ್ಳಲು ಇಟ್ಟ ಹೆಸರುಗಳು ಹಾಗೇ ಉಳಿದುಕೊಂಡು ಬಂದಿವೆ. ನಾನು ದಿನವೂ ಬಳಸುವ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದೊಳಗೂ ಟೆಟ್ರಿಸ್ ಅದೇ ಹೆಸರಿನಲ್ಲಿದೆ. ಅವು ಅಲ್ಲಿರಬಾರದು ಎಂದು ನಾನು ಹೇಳಲಾರೆ. ಆದರೆ ಸಹಿ ಹಾಕಬೇಕಾದವನು ನಾನು. ಅವರು ಇಟ್ಟುಕೊಂಡಿದ್ದಾರೆ, ನಾವೂ ಇಟ್ಟುಕೊಳ್ಳುತ್ತೇವೆ ಎಂಬುದು ಸಹಿ ಹಾಕುವವನ ಉತ್ತರವಲ್ಲ. ಶಾಲೆಯ ಮಕ್ಕಳು ಆ ಇಂಗ್ಲಿಷ್ ಟರ್ಮಿನಲ್ ಆಟಗಳನ್ನು ಆಡುವುದೂ ಇಲ್ಲ. ಆ ಕಟ್ಟನ್ನು ಡಿಸ್ಕಿನಿಂದ ತೆಗೆದೆ. ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು.

ಹೆಸರು ಸರಿಮಾಡಿದರೆ ಮುಗಿಯಿತು ಎಂದುಕೊಂಡಿದ್ದಾಗ ಮೇಡಂ ಒಂದು ಅಮೆರಿಕದ ತೀರ್ಪಿನ ಬಗ್ಗೆ ಹೇಳಿದರು. ಟೆಟ್ರಿಸ್ ಹುಟ್ಟಿದ್ದು 1984ರಲ್ಲಿ, ಮಾಸ್ಕೋದ ಕಂಪ್ಯೂಟರ್ ಕೇಂದ್ರವೊಂದರಲ್ಲಿ. ಅಲೆಕ್ಸಿ ಪಾಜಿಟ್ನೋವ್ ಅದನ್ನು ಬರೆದ ಎಲೆಕ್ಟ್ರಾನಿಕಾ 60 ಯಂತ್ರದಲ್ಲಿ ಚಿತ್ರ ಬಿಡಿಸಲು ಆಗುತ್ತಿರಲಿಲ್ಲ, ಆವರಣ ಚಿಹ್ನೆಗಳನ್ನೇ ಚೌಕವೆಂದುಕೊಂಡು ಆಡಬೇಕಿತ್ತು. ಸೋವಿಯತ್ ಸರ್ಕಾರದ ಕೈಯಲ್ಲಿದ್ದ ಹಕ್ಕು ವರ್ಷಗಟ್ಟಲೆ ಕಾದ ಮೇಲೆ ಅವರಿಗೆ ಬಂತು; 1996ರಲ್ಲಿ ಹೆಂಕ್ ರಾಜರ್ಸ್ ಜೊತೆ ಸೇರಿ ಕಂಪನಿ ಕಟ್ಟಿದರು. ಇದನ್ನು ಓದಿದಾಗ ನನ್ನ ಸಿಟ್ಟಿನಲ್ಲಿ ಉಳಿದಿದ್ದ ಕೊನೆಯ ಬಿಸಿಯೂ ಆರಿತು. ತಾನು ಹೆತ್ತ ಆಟದಿಂದ ಹತ್ತು ಹನ್ನೆರಡು ವರ್ಷ ರಾಯಲ್ಟಿ ಕಾಣದ ಮನುಷ್ಯ ಆತ. ಆ ಹೆಸರನ್ನು ಕಾಯುವುದರಲ್ಲಿ ಅವರಿಗೆ ನ್ಯಾಯವಿದೆ. ಆ ಕಂಪನಿಯ ಪರವಾಗಿ 2012ರಲ್ಲಿ ನ್ಯೂಜೆರ್ಸಿಯ ಫೆಡರಲ್ ಕೋರ್ಟಿನಲ್ಲಿ ಒಂದು ತೀರ್ಪು ಬಂತು. ‘ಮಿನೊ’ ಎಂಬ ಫೋನ್ ಆಟ ಮಾಡಿದ ಜೀಯೊ ಎಂಬ ಸಂಸ್ಥೆ, ನಿಯಮಗಳ ಮೇಲೆ ಯಾರಿಗೂ ಹಕ್ಕಿಲ್ಲ, ನಾವು ನಿಯಮಗಳನ್ನಷ್ಟೇ ತೆಗೆದುಕೊಂಡೆವು ಎಂದು ವಾದಿಸಿತು. ನಿಯಮಗಳ ಮಾತು ಸರಿ ಎಂದರು ನ್ಯಾಯಾಧೀಶರು. ಆದರೆ ತುಂಡುಗಳ ರೂಪ, ಬಣ್ಣ, ಮಣೆಯ ಅಳತೆ, ಒಟ್ಟು ಕಾಣುವ ಬಗೆ ಎಲ್ಲವನ್ನೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗದಷ್ಟು ನಕಲು ಮಾಡಿದ್ದು ತಪ್ಪು ಎಂದರು. ಹೆಸರು ಬೇರೆ ಇದ್ದರೂ ಅದು ಅವರನ್ನು ಉಳಿಸಲಿಲ್ಲ.

ನಾನು ಹೋಗಿ ನಮ್ಮ ಐಕಾನ್ ತೆರೆದು ನೋಡಿದೆ. ಇದನ್ನೂ ನಾನೇ ಬರೆದಿದ್ದೆ. 64 ಚುಕ್ಕೆ ಅಗಲ, 64 ಚುಕ್ಕೆ ಎತ್ತರ. ನೀಲಿ ಅಂಚಿನ ಒಂದು ಚೌಕಟ್ಟು, ಅದರೊಳಗೆ ಬಣ್ಣಬಣ್ಣದ ತುಂಡುಗಳು. ಚೌಕಟ್ಟಿನ ಆಕಾರ ಇಂಗ್ಲಿಷಿನ ಟಿ. ನನ್ನದೇ ಕಲ್ಪನೆ ಎಂದು ಹೆಮ್ಮೆಪಟ್ಟುಕೊಂಡಿದ್ದೆ. ಟೆಟ್ರಿಸ್‌ನ ಅಧಿಕೃತ ಲಾಂಛನವನ್ನು ಪಕ್ಕಕ್ಕಿಟ್ಟು ನೋಡಿದರೆ ಅದೇ ಟಿ ಚೌಕಟ್ಟು. ಎಲ್ಲೋ ನೋಡಿದ್ದು ಕಣ್ಣಿನ ಹಿಂದೆ ಉಳಿದುಕೊಂಡು, ಕೈಗೆ ಬಂದಾಗ ನನ್ನದಾಗಿ ಕಂಡಿತ್ತು. ಅದನ್ನು ಅಳಿಸಿ, ಗ್ನೋಮ್‌ನವರ ಮೂಲ ಐಕಾನನ್ನೇ ಮತ್ತೆ ಕೂರಿಸಿದೆ.

ಉಳಿದದ್ದು ಕನ್ನಡದ ಹೆಸರು. ಇದನ್ನು ನಾವು ಮೂವರೇ ಕೂತು ಮಾಡುವುದು ಬೇಡ ಅನ್ನಿಸಿತು. ಶಾಲೆಯ ವಿಜ್ಞಾನದ ಟೀಚರಿಗೆ ಫೋನ್ ಮಾಡಿ, ಎಂಟನೇ ತರಗತಿಯ ಮಕ್ಕಳಿಗೆ ಆಟಗಳನ್ನು ತೋರಿಸಿ ಹೆಸರು ಕೇಳುತ್ತೇವೆ ಎಂದೆ. ಒಂದು ಶನಿವಾರ ಬೆಳಗಿನ ಶಾಲೆಗೆ ಲ್ಯಾಪ್‌ಟಾಪ್ ಒಯ್ದೆ. ಹೊರಗೆ ಮಳೆ ಹುಯ್ಯುತ್ತಿತ್ತು. ಆಡಿ ನೋಡಿ, ಆಮೇಲೆ ಹೆಸರಿಡಿ, ಮೊದಲೇ ಕೇಳಿದ ಹೆಸರು ಬೇಡ. ಇಷ್ಟೇ ಷರತ್ತು. ಟೀಚರ್ ಡ್ರಾಯಿಂಗ್ ಹಾಳೆ ಅಂಟಿಸಿ ಬಂದ ಹೆಸರನ್ನೆಲ್ಲ ಬರೆಯುತ್ತ ಹೋದರು.

ಬೀಳುವ ತುಂಡುಗಳಿಗೆ ಮೊದಲು ಬಂದದ್ದು ‘ಇಟ್ಟಿಗೆ ಆಟ’. ಒಬ್ಬಳು ‘ಕಟ್ಟೆ ಕಟ್ಟು’ ಎಂದಳು. ಕೇಳಲು ಚೆಂದವಿತ್ತು, ನನ್ನ ಗೆಳೆಯ ಆಗಲೇ ಟೈಪ್ ಮಾಡಲು ಶುರುಮಾಡಿದ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಸಾರ್, ಕಟ್ಟೋ ಆಟ ಅಲ್ಲ ಇದು. ಸಾಲು ತುಂಬಿದ್ರೆ ಮಾಯ ಆಗತ್ತಲ್ಲ. ಕಟ್ಟೆ ಎದ್ದು ಮೇಲೆ ಬಂದ್ರೆ ಸೋತ ಹಾಗೆ.” ಹೌದಲ್ಲ ಅನ್ನಿಸಿತು. ಹಾಗಾದರೆ ಏನು ಮಾಡಬೇಕು ಎಂದು ಕೇಳಿದೆ. “ಸಾಲು ತುಂಬ್ಬೇಕು ಸಾರ್.” ಟೀಚರ್ ಹಾಳೆಯ ಮೇಲೆ ‘ಸಾಲು ತುಂಬು’ ಎಂದು ಬರೆದು ಅಡಿಗೆರೆ ಎಳೆದರು. ರಿವರ್ಸಿಗೆ ‘ಮಗುಚಾಟ’ ಬಂತು. ದೋಸೆ ಮಗುಚುವ ಹಾಗೆ ಎಂದು ಕೈ ತಿರುಗಿಸಿ ತೋರಿಸಿದ ಹುಡುಗಿಯ ಮಾತು ಅದು. ಹಡಗಿನದು ‘ಹಡಗು ಹುಡುಕು’, ನಾಲ್ಕು ಬಿಲ್ಲೆಯದು ‘ಸಾಲಾಗಿ ನಾಲ್ಕು’.

ಮಕ್ಕಳು ಇಟ್ಟ ಹೆಸರೂ ಯಾರದಾದರೂ ಆಗಿರಬಹುದಲ್ಲ? ಅದನ್ನು ನೋಡಲು ಭಾರತ ಸರ್ಕಾರದ ಟ್ರೇಡ್ ಮಾರ್ಕ್ಸ್ ರಿಜಿಸ್ಟ್ರಿಯ ಸಾರ್ವಜನಿಕ ಹುಡುಕಾಟ ಇದೆ, ದುಡ್ಡು ಕೊಡಬೇಕಿಲ್ಲ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಹಂಚಿರುತ್ತಾರೆ. ನಮಗೆ ಸಂಬಂಧಿಸಿದ್ದು ಮೂರು: ತಂತ್ರಾಂಶ ಬರುವ 9, ಆಟಿಕೆ ಮತ್ತು ಆಟದ ಸಾಮಾನಿನ 28, ಮನರಂಜನೆಯ 41. ನಾವು ಹುಡುಕಿದ ಬಗೆಯೂ ಮೂರು: ಈ ಅಕ್ಷರಗಳಿಂದ ಶುರುವಾಗುವುದು, ಈ ಅಕ್ಷರಗಳು ಒಳಗಿರುವುದು, ಇದರಂತೆ ಕೇಳಿಸುವುದು. ಕೊನೆಯದನ್ನು ಬಿಡಬಾರದು. ನಾವು ಹುಡುಕಿದ್ದು ಇಂಗ್ಲಿಷ್ ಅಕ್ಷರಗಳಲ್ಲಿ, ಮತ್ತು ಕನ್ನಡದ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ ಇರುವುದಿಲ್ಲ. ‘ಸಾಲು’ವಿಗೆ ಒಂದು ಎ ಹಾಕಿ, ಎರಡು ಎ ಹಾಕಿ, ‘ತುಂಬು’ವಿಗೆ ಟಿ ಮಾತ್ರ, ಟಿ ಜೊತೆ ಎಚ್. ಒಂದೊಂದು ಹೆಸರಿಗೂ ನಾಲ್ಕೈದು ಕಾಗುಣಿತ, ಮೂರು ವರ್ಗ, ಪ್ರತಿಸಲವೂ ಕ್ಯಾಪ್ಚಾ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಫಲಿತಾಂಶದ ಪುಟಗಳನ್ನು ತಾರೀಖು ಸಮೇತ ಪಿಡಿಎಫ್ ಮಾಡಿ ಇಟ್ಟುಕೊಂಡೆ. ಸಿಕ್ಕಿದ ಪ್ರತಿಯೊಂದರ ಮುಂದೆಯೂ ನೋಂದಣಿಯಾಗಿದೆಯೋ, ಆಕ್ಷೇಪಣೆಯಲ್ಲಿದೆಯೋ, ಕೈಬಿಟ್ಟಿದ್ದಾರೋ ಎಂಬ ಸ್ಥಿತಿ ಬರೆದಿರುತ್ತದೆ, ಅದನ್ನೂ ಓದಬೇಕು. ನಮ್ಮ ನಾಲ್ಕು ಹೆಸರಿಗೂ ಹತ್ತಿರದ್ದು ಯಾವುದೂ ಆ ಮೂರು ವರ್ಗಗಳಲ್ಲಿ ಕಾಣಲಿಲ್ಲ.

ಮೇಡಂಗೆ ಪಟ್ಟಿ ತೋರಿಸಿದಾಗ ಅವರು ಒಂದು ಮಾತು ಹೇಳಿದರು, ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ‘ಸಾಲು ತುಂಬು’ ಎಂಬುದು ಆಟ ಏನೆಂದು ಹೇಳುವ ಬರಿಯ ವಿವರಣೆ. ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬರಿಯ ವಿವರಣೆಯಾದ ಹೆಸರನ್ನೂ, ಜನರ ಮಾತಿನಲ್ಲಿ ರೂಢಿಯಾಗಿಬಿಟ್ಟ ಹೆಸರನ್ನೂ ಸುಲಭಕ್ಕೆ ನೋಂದಾಯಿಸಲು ಬಿಡುವುದಿಲ್ಲ. ಕಂಪನಿಗಳು ಇಂಥ ಹೆಸರು ಬೇಡ ಎನ್ನುತ್ತವೆ, ಬೇಲಿ ಹಾಕಲು ಆಗುವುದಿಲ್ಲವೆಂದು. “ನಿಮಗೆ ಬೇಲಿ ಬೇಕಾ?” ಎಂದು ಕೇಳಿದರು. ಬೇಡ ಎಂದೆ. “ಹಾಗಿದ್ರೆ ಇದಕ್ಕಿಂತ ಒಳ್ಳೆ ಹೆಸರಿಲ್ಲ. ನಾಳೆ ಬೇರೆ ಯಾರಾದ್ರೂ ಇದೇ ಹೆಸರಿಟ್ಕೊಂಡ್ರೂ ನೀವೂ ಇರ್ಬಹುದು, ಅವರೂ ಇರ್ಬಹುದು.”

ಹೆಸರು ಕಾಯುವುದು ನಮ್ಮಂಥವರಿಗೆ ಪರಕೀಯ ವಿಷಯ ಎಂದು ನಾನು ತಿಳಿದಿದ್ದೆ. ಹಾಗಲ್ಲ. 1994ರಲ್ಲಿ ಲಿನಕ್ಸ್‌ಗೆ ಸಂಬಂಧವೇ ಇಲ್ಲದ ಒಬ್ಬರು ಅಮೆರಿಕದಲ್ಲಿ ‘ಲಿನಕ್ಸ್’ ಎಂಬ ಹೆಸರನ್ನು ತಮ್ಮದೆಂದು ನೋಂದಾಯಿಸಲು ಅರ್ಜಿ ಹಾಕಿದ್ದರು. ಆಮೇಲೆ ಹಣ ಕೊಡಿ ಎಂದು ಲಿನಕ್ಸ್ ಕಂಪನಿಗಳಿಗೆ ಪತ್ರ ಬರೆದರು. ಸಮುದಾಯದವರು ಹೋರಾಡಿದ ಮೇಲೆ 1997ರಲ್ಲಿ ಆ ಹೆಸರು ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಅವರ ಕೈಗೆ ಬಂತು. ಇಂದು ಅದು ಕ್ಷೇಮವಾಗಿರುವುದು ಟ್ರೇಡ್‌ಮಾರ್ಕ್ ಕಾನೂನಿನಿಂದಲೇ. ನಾವು ನಂಬಿಕೊಂಡಿರುವ ಡೆಬಿಯನ್‌ನ ಹೆಸರೂ ಟ್ರೇಡ್‌ಮಾರ್ಕ್. ನಮ್ಮ ಹೆಸರಿಗೆ ರಕ್ಷಣೆ ಬೇಕು, ಬೇರೆಯವರ ಹೆಸರಿಗೆ ಬೇಡ ಎಂದು ಯಾವ ಬಾಯಲ್ಲಿ ಹೇಳುವುದು?

ಘೋಷಣಾ ಪತ್ರ ಒಂದೂವರೆ ಪುಟ ಆಯಿತು. 31ರಲ್ಲಿ 26 ಆಟ ಉಳಿದವು. ಯಾವ ಹೆಸರು ತೆಗೆದೆವು, ಯಾವುದು ಬದಲಾಯಿಸಿದೆವು, ಎಂದು ಹುಡುಕಿದೆವು ಎಲ್ಲ ಬರೆದು ಮೂವರೂ ಸಹಿ ಹಾಕಿದೆವು. ಕಳಿಸಿ ಹತ್ತು ದಿನಕ್ಕೆ ಲಾರಿ ಹೊರಟಿತು.

ಕಂಪ್ಯೂಟರ್ ಜೋಡಿಸಲು ಹೋದ ದಿನ ಆ ಡ್ರಾಯಿಂಗ್ ಹಾಳೆ ಲ್ಯಾಬಿನ ಗೋಡೆಯ ಮೇಲೆ ಇನ್ನೂ ಇತ್ತು, ಮಳೆಗಾಲದ ತೇವಕ್ಕೆ ಅಂಚು ಸುರುಳಿ ಸುತ್ತಿಕೊಂಡಿತ್ತು. ಕೆಳಗೆ ಹೊಸದಾಗಿ ಯಾರೋ ‘ಚೌಕಾಬಾರಾ ಹಾಕಿ ಸಾರ್’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರು. ಪಗಡೆಯ ಬಳಗದ ಆಟ ಅದು. ಅದೇ ಬಳಗದ ಪಚೀಸಿಯನ್ನು ಅಮೆರಿಕದಲ್ಲಿ ‘ಪಾರ್ಚೀಸಿ’ ಎಂದು 1874ರಲ್ಲೇ ಟ್ರೇಡ್‌ಮಾರ್ಕ್ ಮಾಡಿಕೊಂಡರು ಎಂದು ಮೇಡಂ ಹೇಳಿದ್ದು ನೆನಪಾಯಿತು. ಅಜ್ಜಿಯರು ಜಗಲಿಯ ಕಲ್ಲಿನ ಮೇಲೆ ಗೀಚಿದ ಮನೆಗಳಿಗೆ ನಾನಂತೂ ಯಾರನ್ನೂ ಕೇಳಬೇಕಿಲ್ಲ.

ಈಗ ಅದನ್ನೇ ಬರೆಯುತ್ತಿದ್ದೇನೆ. ನಾಲ್ಕು ಕವಡೆ, ನಾಲ್ಕೂ ಬಾಯಿ ಮೇಲೆ ಬಿದ್ದರೆ ಚೌಕಾ, ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಅಲ್ಲಿಯವರೆಗೆ ತಕರಾರಿಲ್ಲ. ಮಣೆ ಐದು ಮನೆಯದಾ ಏಳು ಮನೆಯದಾ ಎಂಬುದನ್ನು ಮಕ್ಕಳು ಇನ್ನೂ ತೀರ್ಮಾನ ಮಾಡಿಲ್ಲ. ಮೇಲಿನ ಕೇರಿಯವರದು ಏಳು, ಬಸ್‌ಸ್ಟ್ಯಾಂಡ್ ಕಡೆಯವರದು ಐದು.